ಮೊಳಕಾಲು ನೋವಿನ ಕಷಾಯ

ಶಾಂತಾ, ನಾನು ಶನಿವಾರ ಶನಿವಾರ ಗುರುಗಳ ಮನೆಗೆ ಒಯ್ಯುತ್ತಿದ್ದದ್ದು ಮೊಳಕಾಲು ನೋವಿನ ಕಷಾಯವಲ್ಲ. ರಮ್ಮು. ನೀನು ಮೆಚ್ಚಿ ಮದುವೆಯಾದ ಶಿಷ್ಯೋತ್ತಮ ಮನೆಮನೆಗೆ ದಾರು ಮುಟ್ಟಿಸುವ ಆಸಾಮಿ — ಮನೆಮನೆಗೆ ಅಲ್ಲ, ಒಂದೇ ಮನೆಗೆ. ಅಂತೂ ಹೇಳಿಬಿಟ್ಟೆ.

ಮುದ್ದೇಬಿಹಾಳದಲ್ಲಿ ಬೀಜ-ಗೊಬ್ಬರದ ಅಂಗಡಿಯಲ್ಲಿದ್ದೆ ಎಂಬುದು ಅರ್ಧ ನಿಜ. ಸಂಜೆ ಅದೇ ಸಾಹುಕಾರರ ವೈನ್ ಶಾಪಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಅವರು ಮೊದಲ ದಿನವೇ ಹೇಳಿದ್ದರು: "ಸೀಲ್ ಒಡೀಬ್ಯಾಡ. ಯಾರ ಮನಿಗೂ ಮುಟ್ಟಸಬ್ಯಾಡ. ಲೈಸನ್ಸ್ ಹೋದ್ರ ಇಬ್ರೂ ಹೋದ್ವಿ." ನಾನು ಎರಡನ್ನೂ ಒಟ್ಟಿಗೇ ಮುರಿದೆ.

ಗುರುಗಳು ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಊಟಕ್ಕೆ ಮುಂಚೆ ಒಂದು ಗುಟುಕಿನ ರುಚಿ ಹತ್ತಿತ್ತು. ಆದರೆ ಕೌಂಟರಿನ ಮುಂದೆ ನಿಂತವರೆಲ್ಲ ಅವರ ಹಳೆಯ ವಿದ್ಯಾರ್ಥಿಗಳೇ! ಒಂದು ದಿನ ಸಂತೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮನಿಗೆ ತಂದ್ ಕೊಡಾಕ ಆಗೂದಿಲ್ಲೇನಪಾ?" ಎಂದರು. ನಮ್ಮನ್ನೆಲ್ಲ ನಡುಗಿಸಿದ್ದ ದನಿ ಅವತ್ತು ತಾನೇ ನಡುಗುತ್ತಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಖಾಲಿ ಕಷಾಯದ ಬಾಟಲಿಗೆ ತುಂಬಿ ಒಯ್ದೆ. ಗುರುಗಳ ಹೆಂಡತಿ ಕಾಕು ಅದನ್ನು ದೇವರ ಮುಂದಿಟ್ಟು ಕೈಮುಗಿದು, ವಾಸನೆಗೆ ಮೂಗು ಮುಚ್ಚಿಕೊಂಡು, ಎರಡು ಚಮಚ ಅಳೆದು ಕೊಟ್ಟರು. ಎರಡೇ ಚಮಚ! ಗುರುಗಳ ಮುಖ ನೋಡಬೇಕಿತ್ತು. ಆಮೇಲೆ ಕಾಕು ಪೂಜೆಗೆ ಕೂತಾಗ ಉಳಿದ ಡೋಸನ್ನು ಗುರುಗಳು ತಾವೇ ತೆಗೆದುಕೊಳ್ಳುವುದನ್ನು ರೂಢಿಸಿಕೊಂಡರು. "ಔಷಧ ಭಾಳ ಛಲೋ ಐತಪಾ, ಕುಡದ್ ಮ್ಯಾಲೆ ಹಾಡಾಕತ್ತಾರ!" ಎಂದು ಕಾಕು ಹಿಗ್ಗಿ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ನಾನೂ ಸಂಕೋಚವಿಲ್ಲದೆ ತಿನ್ನುತ್ತಿದ್ದೆ.

ಆ ಕಾಕುವೇ ತಾಂಬಾದ ನಿಮ್ಮ ಮನೆಗೆ ನನ್ನ ಸಂಬಂಧ ತಂದರು. ನಿಮ್ಮಪ್ಪ ಕೇಳಿದ್ದು ಒಂದೇ ಮಾತು: "ಹುಡುಗಗ ದಾರೂದ ನಂಟು ಏನರೆ ಐತೇನ್ರಿ?" ನಾನು ಬಾಯಿ ತೆರೆದಿದ್ದೆ — ನಿಜವಾಗಿಯೂ ತೆರೆದಿದ್ದೆ, ಶಾಂತಾ... ಅಷ್ಟರಲ್ಲಿ ಕಾಕು, "ಏನ್ ಮಾತ್ರೀ ಇದು! ಗುರುಗಳಿಗೆ ಔಷಧ ತಂದ್ ಕೊಡೋ ಹುಡುಗ!" ಎಂದುಬಿಟ್ಟರು. ಪಕ್ಕದಲ್ಲಿ ಗುರುಗಳಿಗೆ ಜೋರು ಕೆಮ್ಮು. ಬಾಗಿಲ ಹಿಂದೆ ನೀನು ನಕ್ಕದ್ದು ಕೇಳಿಸಿತು. ಆ ನಗುವಿಗೆ ಆಸೆಪಟ್ಟು ಬಾಯಿ ಮುಚ್ಚಿಕೊಂಡೆ. ಮದುವೆಗೆ ಮೊದಲೇ ವೈನ್ ಶಾಪು ಬಿಟ್ಟೆ. ಸುಳ್ಳು ಮಾತ್ರ ಉಳಿಯಿತು.

ಇವತ್ತು ಬೆಳಿಗ್ಗೆ ಪೇಪರಿನಲ್ಲಿ ಮದ್ಯವನ್ನು ಮನೆಬಾಗಿಲಿಗೆ ತಲುಪಿಸುವ ನಿಯಮಗಳ ಸುದ್ದಿಯಿತ್ತು. ವಯಸ್ಸು ನೋಡಬೇಕು, ಸೀಲ್ ಹಾಗೇ ಇರಬೇಕು, ತರಿಸಿಕೊಂಡವರ ಕೈಗೇ ಕೊಡಬೇಕು... ನಾನು ಓದುತ್ತಿದ್ದರೆ ನೀನು ಚಹಾ ಸೋಸುತ್ತ ಅಂದೆ: "ಮನಿಗೆ ದಾರು ಮುಟ್ಟಸೋರಿಗೆ ಯಾರ್ ಹೆಣ್ಣ ಕೊಡ್ತಾರ್ರೀ?" ನಗು ಬಂದು ಚಹಾ ನೆತ್ತಿಗೇರಿತು. ನೀನು ಗಾಬರಿಯಾಗಿ ನನ್ನ ಬೆನ್ನು ನೀವಿದೆ. ಆಗ ನಗು ನಿಂತು ನಾಚಿಕೆಯಾಯಿತು.

ಗುರುಗಳೂ ಇಲ್ಲ, ಕಾಕುವೂ ಇಲ್ಲ. ನಿಜ ಬಲ್ಲವನು ನಾನೊಬ್ಬನೇ. ನಾಳೆ ಮಗಳನ್ನು ನೋಡಲು ಸಿಂದಗಿಯವರು ಬಂದಾಗ ನೀನು ಮತ್ತೆ ನನ್ನ ಗುರುಸೇವೆಯ ಕಥೆ ಹೇಳುತ್ತೀ. ಬೇಡ. ಅವರ ಮುಂದೆ ನಾನೇ ನಿಜ ಹೇಳುತ್ತೇನೆ, ಅವರು ಎದ್ದು ಹೋದರೂ ಸರಿ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು.

ಯಾರು ಹೆಣ್ಣು ಕೊಡುತ್ತಾರೆ ಎಂದೆಯಲ್ಲ — ನಿಮ್ಮಪ್ಪ ಕೊಟ್ಟರು, ಪಾಪ, ಗೊತ್ತಿಲ್ಲದೆ. ನೀನೂ ಗೊತ್ತಿಲ್ಲದೆಯೇ ಒಪ್ಪಿದೆ. ಅವತ್ತು ಕೇಳಬೇಕಾದದ್ದನ್ನು ತಲೆಯೆಲ್ಲ ನರೆತ ಮೇಲೆ ಈಗ ಕೇಳುತ್ತಿದ್ದೇನೆ: ಹುಡುಗ ವೈನ್ ಶಾಪಿನಾಂವ. ಒಪ್ಪಿಗಿ ಐತೇನು?