ಅಲಿಂಪಿಯೆಯ ದಿನದ ರಜೆ

ಮಿಲುತಿನ್ ಸ್ತೊಯ್ಕೊವಿಚ್ ತೀರಿಕೊಂಡಾಗ ಸೆರ್ಬಿಯಾದ ನಿಶ್ ಊರಿನ ಪತ್ರಿಕೆಯಲ್ಲಿ ಎರಡು ಸಾಲು ಬಂತು. ಪ್ರೋಗ್ರಾಮರ್ ಆಗಿದ್ದ, ಹೆಂಡತಿ ಯಾಗೊದಳನ್ನು ಅಗಲಿದ್ದಾನೆ ಎಂದಷ್ಟೇ ಇತ್ತು. ಮಾರ್ಚ್ ತಿಂಗಳ ಕೆಸರಿನಲ್ಲಿ ಅವನನ್ನು ಮಣ್ಣು ಮಾಡಿ ಬಂದವರಿಗೆ ಆ ಎರಡು ಸಾಲು ಸಾಲದು. ಸುಳ್ಳಿರಲಿಲ್ಲ ಅದರಲ್ಲಿ, ಆದರೆ ಅವನೂ ಇರಲಿಲ್ಲ.

ಅವನು ಆಫೀಸಿನ ಪೆನ್ನು ತಪ್ಪಿ ಜೇಬಿನಲ್ಲಿ ಮನೆಗೆ ಬಂದರೆ ಮರುದಿನ ವಾಪಸು ಒಯ್ಯುವವನು. ಸೆಪ್ಟೆಂಬರ್ ಬಂತೆಂದರೆ ಬಾಲ್ಕನಿಯಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಟ್ಟು ಐವಾರ್ ಚಟ್ನಿ ಮಾಡಿ, ಕಟ್ಟಡದ ಮೂರು ಮಹಡಿಗೂ ಸೀಸೆಗಟ್ಟಲೆ ಹಂಚುತ್ತಿದ್ದ. ಬೇರೆಯವರು ಬರೆದ ಕೋಡನ್ನು ಜನ ಪತ್ರಿಕೆ ಓದುವ ಹಾಗೆ ಬಿಡುವಿನಲ್ಲಿ ಓದುತ್ತಿದ್ದ. ಚೆನ್ನಾಗಿದ್ದರೆ ಬರೆದವನನ್ನು ಹುಡುಕಿಕೊಂಡು ಹೋಗಿ ಹೇಳುತ್ತಿದ್ದ. ಅಂಥವನು ಒಮ್ಮೆ ಇನ್ನೊಬ್ಬನ ಕೋಡಿನಿಂದ ಹೆಸರು ಅಳಿಸಿ ತನ್ನದು ಹಾಕಿಕೊಂಡ. ಅದೂ ತನ್ನ ಕುಮನ ಹೆಸರು.

ಕುಮ ಎಂದರೆ ಮದುವೆಗೆ ಸಾಕ್ಷಿ ನಿಂತವನು, ಮಗುವಿಗೆ ಹೆಸರಿಟ್ಟವನು. ಒಡಹುಟ್ಟಿದವರ ಜೊತೆ ಜಗಳವಾಡಬಹುದು, ಕುಮನ ಜೊತೆ ಆಡುವ ಹಾಗಿಲ್ಲ. ರಾದೊಯೆಯ ಮದುವೆಯಲ್ಲಿ ಉಂಗುರ ಹಿಡಿದು ನಿಂತವನು ಮಿಲುತಿನ್, ರಾದೊಯೆಯ ಮಗಳಿಗೆ ಹೆಸರಿಟ್ಟವನೂ ಅವನೇ. ಆ ನಂಟಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕುಮ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಮಿಲುತಿನ್, ನೆಬೊಯ್ಶ ಎಂಬವನ ಸಣ್ಣ ಕಂಪನಿಗೆ ಸೇರಿ ಅಲ್ಲೇ ಉಳಿದ. ಕಾರ್ಖಾನೆ, ಬೇಕರಿ, ಬಸ್ ಡಿಪೋಗಳಿಗೆ ಪಾಳಿ ಹಾಗೂ ಹಾಜರಿಯ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ರಾದೊಯೆ ಬೇರೆ ಕಡೆ ಕೆಲಸ ಹಿಡಿದ.

ಹಬ್ಬಗಳ ಲೆಕ್ಕ ಹಾಕುವ ಪ್ರೋಗ್ರಾಮನ್ನು ರಾದೊಯೆ ಬರೆದದ್ದು ಯಾರ ಕೆಲಸಕ್ಕೂ ಅಲ್ಲ, ಮನೆಯಲ್ಲಿ, ತನ್ನ ಖುಷಿಗೆ. ನಮ್ಮ ಆರ್ಥೊಡಾಕ್ಸ್ ಈಸ್ಟರ್ ವರ್ಷದಿಂದ ವರ್ಷಕ್ಕೆ ಜಾರುತ್ತದೆ, ಕ್ಯಾಥೊಲಿಕರದು ಇನ್ನೊಂದು ದಿನ ಬರುತ್ತದೆ. ಒಮ್ಮೆ ನೆಬೊಯ್ಶನ ಆಫೀಸಿನಲ್ಲೇ ಯಾರೋ ತಪ್ಪು ಈಸ್ಟರ್ ತುಂಬಿಸಿ, ಬಸ್ ಡಿಪೋದವರು ಬೈದು ಹೋಗಿದ್ದರು. ರಾದೊಯೆ ಅದನ್ನೆಲ್ಲ ಅಚ್ಚುಕಟ್ಟಾಗಿ ಬರೆದು ಇಂಟರ್ನೆಟ್‌ನಲ್ಲಿ ಇಟ್ಟ. ಯಾರು ಬೇಕಾದರೂ ಬಳಸಿ, ಮಾರುವ ಸಾಮಾನಿಗೂ ಸೇರಿಸಿ, ಮೇಲಿರುವ ನನ್ನ ಹೆಸರು ಮಾತ್ರ ಇರಲಿ ಎಂಬುದಷ್ಟೇ ಅವನ ಷರತ್ತು.

ಮಿಲುತಿನ್ ಒಂದು ವಸಂತದಲ್ಲಿ ಅದನ್ನು ತಂದು ಕಂಪನಿಯ ಸಾಫ್ಟ್‌ವೇರಿಗೆ ಸೇರಿಸಿದ. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ. ವಾರದ ಸಭೆಯಲ್ಲಿ ನೆಬೊಯ್ಶ ಅದನ್ನು ಪರದೆಯ ಮೇಲೆ ತೋರಿಸಿದ.

“ನೋಡ್ರಯ್ಯ, ಮುಂದಿನ ಐವತ್ತು ವರ್ಷದ ಈಸ್ಟರ್ ಇಲ್ಲಿದೆ. ಮಿಲುತಿನ್, ಇಷ್ಟು ದಿನ ಈ ತಲೆ ಎಲ್ಲಿ ಬಚ್ಚಿಟ್ಟಿದ್ದೆ?”

ಎಲ್ಲರೂ ನಕ್ಕರು. ಮಿಲುತಿನ್ ಬಾಯಿ ತೆರೆದ. ಅಷ್ಟರಲ್ಲಿ ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಅವನು ಬಾಯಿ ಮುಚ್ಚಿಕೊಂಡ. ಐವತ್ತು ದಾಟಿದ್ದ ಅವನನ್ನು ಆಫೀಸಿನಲ್ಲಿ ಯಾರಾದರೂ ಏನಾದರೂ ಕೇಳುತ್ತಿದ್ದರೆ ಹಳೆಯ ಫೈಲು ಎಲ್ಲಿದೆ ಎಂದು ಮಾತ್ರ. ಆವತ್ತು ಮಧ್ಯಾಹ್ನ ಹೊಸದಾಗಿ ಸೇರಿದ್ದ ಇಬ್ಬರು ಅವನ ಮೇಜಿನ ಬಳಿ ಬಂದು ಈಸ್ಟರ್ ಲೆಕ್ಕ ಹೇಗೆ ಎಂದು ಕೇಳಿದರು. ಅವನು ವಿವರಿಸಿದ. ವಿವರಿಸುವಾಗ “ನಾನು ಹೀಗೆ ಮಾಡಿದೆ” ಎಂದ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಬೇಸಿಗೆಯಲ್ಲಿ ವಿಯೆನ್ನಾದ ಒಂದು ಸಂಸ್ಥೆ ಕಂಪನಿಯನ್ನು ಕೊಳ್ಳಲು ಮುಂದೆ ಬಂತು. ನಿಮ್ಮ ಸಾಫ್ಟ್‌ವೇರಿನಲ್ಲಿ ಹೊರಗಿನವರ ಕೋಡು ಯಾವುದಿದೆ, ಯಾರದು, ಯಾವ ಷರತ್ತಿನದು ಎಂದು ಕೇಳಿದರು. ರಾದೊಯೆಯ ಹೆಸರು ಬರೆದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಅದರಲ್ಲಿ ಕಂಪನಿಗೆ ನಷ್ಟವಿರಲಿಲ್ಲ, ಮಾರಾಟ ನಿಲ್ಲುತ್ತಿರಲಿಲ್ಲ. ಆದರೆ ಬರೆದರೆ, ವಸಂತದಿಂದ ಇಲ್ಲಿಯವರೆಗೆ ಸುಮ್ಮನಿದ್ದದ್ದು ಬಯಲಾಗುತ್ತಿತ್ತು. ಆ ಇಬ್ಬರು ಹೊಸಬರ ಮುಖ ಅವನ ಕಣ್ಣಮುಂದೆ ಬಂತು.

ಫೈಲು ತೆರೆದ. ಮೇಲ್ಗಡೆ ರಾದೊಯೆಯ ಹೆಸರು, ಷರತ್ತು, ಅದರ ಕೆಳಗೆ ಏನೋ ಒಂದು ಟಿಪ್ಪಣಿ. ಕುಮನ ಹೆಸರನ್ನು ನೋಡುತ್ತ ಕೂರುವುದು ಅವನಿಂದಾಗಲಿಲ್ಲ. ಓದದೆ ಅಷ್ಟನ್ನೂ ಒಟ್ಟಿಗೆ ಅಳಿಸಿದ. ಕಂಪನಿಯ ಹೆಸರು ಹಾಕಿದ, ಅದರ ಕೆಳಗೆ ತನ್ನದು. ಇದರಲ್ಲಿ ಹೊರಗಿನವರ ಸಾಲು ಒಂದೂ ಇಲ್ಲ ಎಂದು ನೆಬೊಯ್ಶನಿಗೆ ಹೇಳಿದ. ನೆಬೊಯ್ಶ ಆ ಮಾತು ನಂಬಿ ವಿಯೆನ್ನಾದವರಿಗೆ ಸಹಿ ಮಾಡಿಕೊಟ್ಟ.

ಕೆಲಸ ಮಾತ್ರ ಸರಿಯಾಗಿರಲಿ ಎಂದು ಹಬ್ಬಗಳ ಪಟ್ಟಿಯನ್ನು ಒಂದೊಂದಾಗಿ ನೋಡಿದ. ಹೊಸ ವರ್ಷ, ಕ್ರಿಸ್ಮಸ್, ಈಸ್ಟರ್, ಮೇ ಒಂದು. ಕೊನೆಯಲ್ಲಿ ಡಿಸೆಂಬರ್ ಒಂಬತ್ತು ಇತ್ತು. ಅದನ್ನೂ ನೋಡಿದ, ಸರಿಯೆಂದು ಮುಂದೆ ಹೋದ. ಇಡೀ ಸೆರ್ಬಿಯಾದಲ್ಲಿ ಬೇರೆ ಯಾರು ನೋಡಿದ್ದರೂ ಇದೇನಿದು ಎಂದು ಅಲ್ಲಿ ನಿಲ್ಲುತ್ತಿದ್ದರು. ಮಿಲುತಿನ್ ನಿಲ್ಲಲಿಲ್ಲ. ಡಿಸೆಂಬರ್ ಒಂಬತ್ತು ಸಂತ ಅಲಿಂಪಿಯೆಯ ದಿನ, ರಾದೊಯೆಯ ಮನೆತನದ ಸ್ಲಾವ. ಪ್ರತಿ ಮನೆತನಕ್ಕೂ ಒಬ್ಬ ಸಂತ, ಆ ಸಂತನ ದಿನ ಆ ಮನೆಯ ಹಬ್ಬ. ಓದು ಮುಗಿಸಿದ ವರ್ಷದಿಂದ ಮಿಲುತಿನ್ ಆ ದಿನ ಎಂದೂ ಕೆಲಸಕ್ಕೆ ಹೋದವನಲ್ಲ. ಅವನ ಮೈಗೆ ಅದು ರಜೆಯ ದಿನವೇ ಆಗಿಬಿಟ್ಟಿತ್ತು.

ಶರತ್ಕಾಲದಲ್ಲಿ ಆ ಸಾಫ್ಟ್‌ವೇರನ್ನು ಬೇರೊಂದು ಊರಿನ ದೊಡ್ಡ ಬೇಕರಿಗೆ ಹಾಕಿದರು.

ಸ್ಲಾವಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಗೊತ್ತಿದ್ದವರು ಬರುತ್ತಾರೆ. ಆ ವರ್ಷವೂ ಮಿಲುತಿನ್ ಮತ್ತು ಯಾಗೊದ ಹೋದರು. ಬಾಗಿಲಲ್ಲಿ ಬೇಯಿಸಿದ ಸಿಹಿ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಒಳಗೆ ಕೂತರು. ಉಪವಾಸದ ಕಾಲ, ಮೇಜಿನ ಮೇಲೆ ಮೀನು, ಒಲೆಯಲ್ಲಿ ಬೇಯಿಸಿದ ಬೀನ್ಸ್ ಕಾಳು, ಅನ್ನ ತುಂಬಿದ ಎಲೆಕೋಸಿನ ಸುರುಳಿ. ಮನೆಯ ಯಜಮಾನ ಆ ದಿನ ಕೂರುವಂತಿಲ್ಲ. ರಾದೊಯೆ ನಿಂತೇ ಬಡಿಸುತ್ತಿದ್ದ. ಅವನ ಅತ್ತೆ ದೆಸಾಂಕ ಮೇಜಿನ ತುದಿಯಲ್ಲಿ ಕೂತು ಎಲ್ಲರನ್ನೂ ಆಡಿಕೊಳ್ಳುತ್ತಿದ್ದಳು.

ಮಿಲುತಿನನ ಫೋನು ರಿಂಗಾಯಿತು. ನೆಬೊಯ್ಶ. ಅವನು ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಗೂ ಕೇಳುತ್ತದೆ.

“ಎಲ್ಲಿದ್ದೀಯ?”

“ಕುಮನ ಮನೇಲಿ. ಇವತ್ತು ರಜೆ ಹಾಕಿದ್ದೆನಲ್ಲ.”

“ನೀನು ರಜೆ ಹಾಕಿದ್ದು ಸರಿ ಕಣಯ್ಯ. ಬೇಕರಿಯ ನಾನೂರು ಜನಕ್ಕೂ ಯಾಕೆ ರಜೆ? ಎಲ್ಲರ ಫೋನಿಗೂ ಇವತ್ತು ಹಬ್ಬ, ರಜೆ ಅಂತ ಹೋಗಿದೆ. ಒಬ್ಬನೂ ಬಂದಿಲ್ಲ. ಊರಿಗೆ ಊರೇ ಬೆಳಗ್ಗೆಯಿಂದ ರೊಟ್ಟಿ ಇಲ್ಲದೆ ಕೂತಿದೆ. ನಾನು ಪಾದ್ರಿಗೆ ಫೋನ್ ಮಾಡಿ ಕೇಳಿದೆ, ಇವತ್ತು ಏನು ಅಂತ. ಯಾರೋ ಅಲಿಂಪಿಯೆ ಅಂತೆ. ವರ್ಷಗಟ್ಟಲೆ ಕಂಬದ ಮೇಲೆ ನಿಂತಿದ್ದನಂತೆ. ಅವನು ಕಂಬದ ಮೇಲೆ ನಿಂತ, ನನ್ನನ್ನ ತಲೆಕೆಳಗೆ ನಿಲ್ಲಿಸಿದ.”

ಮೇಜಿನ ಸುತ್ತ ನಗು ಎದ್ದಿತು. “ನೋಡ್ರೋ ನಮ್ಮ ಸಂತನ ಶಕ್ತಿ,” ಎಂದಳು ದೆಸಾಂಕ. “ಅಧ್ಯಕ್ಷನ ಕೈಲೂ ಆಗದ ರಜೆ ಕೊಡಿಸಿದ.”

ಎಲ್ಲರಿಗಿಂತ ಜೋರಾಗಿ ನಕ್ಕವನು ರಾದೊಯೆ. “ಅದು ನಂದು ಅತ್ತೆ, ನನ್ನ ಕೋಡು. ಸ್ಲಾವ ಸೇರಿಸಿದರೆ ಸರಿಯಾಗಿ ನಡೆಯುತ್ತಾ ಅಂತ ನೋಡೋಕೆ ನಮ್ಮನೇದೇ ಹಾಕಿದ್ದೆ. ಫೈಲಿನ ಮೇಲ್ಗಡೆನೇ ಬರೆದಿದ್ದೆ, ಇದನ್ನ ತೆಗೆದು ಬಳಸಿ, ಇಲ್ಲದಿದ್ರೆ ಎಲ್ರೂ ನಮ್ಮನೆ ಹಬ್ಬ ಮಾಡ್ಬೇಕಾಗುತ್ತೆ ಅಂತ. ಯಾವನೋ ಕತ್ತೆ ಓದ್ದೇ ಎತ್ಕೊಂಡಿದ್ದಾನೆ.” ಹಾಗೇ ನಗುತ್ತ ಮಿಲುತಿನನ ಕಡೆ ತಿರುಗಿದ. “ಕುಮ, ನಿಮ್ಮಾಫೀಸಲ್ಲಿ ಯಾರು ಅವನು?”

ಮಿಲುತಿನ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ರಾದೊಯೆಯ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಇಳಿಯಿತು.

ಅಡುಗೆಮನೆಯಲ್ಲಿ, ವೈನಿನ ಹೂಜಿ ತುಂಬಿಸಲು ಬಂದವನ ಬೆನ್ನ ಹಿಂದೆ ನಿಂತು ಮಿಲುತಿನ್ ಆ ಕೋಡು ತಂದವನು ತಾನೇ ಎಂದ. ರಾದೊಯೆ ತಿರುಗಲಿಲ್ಲ.

“ನನ್ನ ಹೆಸರಿತ್ತಲ್ಲ ಅಲ್ಲಿ.”

“ಇತ್ತು. ತೆಗೆದೆ.”

“ಬೇರೆ ಯಾರೋ ತೆಗೆದ್ರಾ, ನೀನೇ ತೆಗೆದೆಯಾ?”

“ನಾನೇ.”

“ಯಾರ ಹೆಸರು ಹಾಕಿದೆ?”

ಹೂಜಿ ತುಂಬಿ ಚೂರು ಚೆಲ್ಲಿತು. ರಾದೊಯೆ ಬಟ್ಟೆ ತೆಗೆದುಕೊಂಡು ನಿಧಾನವಾಗಿ ಒರೆಸಿದ.

“ಇವತ್ತು ನೀನು ನನ್ನ ಮನೆಗೆ ಬಂದವನು. ಒಳಗೆ ಹೋಗಿ ಕೂತ್ಕೋ. ಊಟ ತಣ್ಣಗಾಗುತ್ತೆ.”

ಆ ದಿನ ಸಂಜೆಯವರೆಗೆ ಯಜಮಾನ ನಿಂತು ಬಡಿಸಿದ, ಕುಮ ಕೂತು ಬಡಿಸಿಕೊಂಡ. ಮಿಲುತಿನನ ಗ್ಲಾಸು ಖಾಲಿಯಾಗಲು ರಾದೊಯೆ ಒಮ್ಮೆಯೂ ಬಿಡಲಿಲ್ಲ. ಎರಡು ಮಾತು ಬೈದು ಹೊರಗೆ ಕಳಿಸಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಮಿಲುತಿನ್ ಆಮೇಲೆ ಯಾಗೊದಳಿಗೆ ಹೇಳುತ್ತಿದ್ದ. ಮೀನನ್ನು ತಟ್ಟೆಯಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನ. ತಿಂದ.

ಮರುದಿನ ನೆಬೊಯ್ಶನಿಗೆ ಎಲ್ಲ ಹೇಳಿದ. ನೆಬೊಯ್ಶ ಕೂಗಾಡಲಿಲ್ಲ, ಅದೇ ಹೊಸದು.

“ನೀನು ಹೇಳಿದೆ ಅಂತ ಸಹಿ ಹಾಕಿದೆನಲ್ಲಯ್ಯ. ಬೇರೆ ಯಾರಾದ್ರೂ ಆಗಿದ್ರೆ ಎರಡು ಸಲ ನೋಡಿಸ್ತಿದ್ದೆ. ನೀನು ಅಂತ ನೋಡಿಸ್ಲಿಲ್ಲ. ಈಗ ನಿನ್ನ ಎಲ್ಲಾ ಫೈಲೂ ನೋಡಿಸ್ಬೇಕು. ಬೇಜಾರು ಮಾಡ್ಕೋಬೇಡ.”

ನೋಡಲು ಕೂತವರು ಆ ಇಬ್ಬರು ಹೊಸಬರೇ. ಇಪ್ಪತ್ತು ವರ್ಷಗಳ ಅವನ ಕೆಲಸವನ್ನು ಬಗೆದು ನೋಡಿದರು, ಬೇರೆಯವರ ಒಂದು ಸಾಲೂ ಸಿಗಲಿಲ್ಲ. ಪ್ರತಿ ಸಂಜೆ ಮನೆಗೆ ಹೊರಡುವಾಗ ಅವನಿಗೆ ನಯವಾಗಿ “ಬರ್ತೀವಿ ಸರ್” ಎನ್ನುತ್ತಿದ್ದರು. ಮೊದಲು ಅವರು ಅವನನ್ನು ಸರ್ ಎನ್ನುತ್ತಿರಲಿಲ್ಲ. ರಾದೊಯೆಯ ಹೆಸರು ಫೈಲಿನ ತಲೆಗೆ ಮರಳಿ ಬಂತು. ತಿದ್ದುಪಡಿ ವಿಯೆನ್ನಾಕ್ಕೆ ಹೋಯಿತು. ಸೇರಿಸಿಕೊಂಡಿದ್ದೇವೆ, ವಂದನೆಗಳು ಎಂದು ಅಲ್ಲಿಂದ ಉತ್ತರ ಬಂತು. ಅಷ್ಟೇ. ಯಾವುದಕ್ಕೆ ಹೆದರಿ ಅವನು ಅಷ್ಟೆಲ್ಲ ಮಾಡಿದ್ದನೋ ಅದು ಇಷ್ಟು ಸಣ್ಣದಾಗಿತ್ತು.

ಮುಂದಿನ ಡಿಸೆಂಬರಿನಲ್ಲಿ ಹೋಗುವುದೋ ಬೇಡವೋ ಎಂದು ಅವನು ವಾರಗಟ್ಟಲೆ ಒದ್ದಾಡಿದ. ಹೋಗದಿದ್ದರೆ ಕುಮರು ಮುರಿದುಕೊಂಡರು ಎಂದು ಊರಿಗೆಲ್ಲ ತಿಳಿಯುತ್ತದೆ. ಬಾ ಎಂದು ಕರೆಯುವ ಪದ್ಧತಿ ಇಲ್ಲವಾದ್ದರಿಂದ ರಾದೊಯೆಯ ಮನಸ್ಸು ತಿಳಿಯುವ ದಾರಿಯೂ ಇರಲಿಲ್ಲ. “ನಡಿ,” ಎಂದಳು ಯಾಗೊದ, ಕೋಟು ಅವನ ಕೈಗೆ ಕೊಡುತ್ತ. “ಬಾಗಿಲು ಹಾಕಿದ್ರೆ ವಾಪಸ್ ಬರೋಣ.” ಬಾಗಿಲು ತೆರೆದೇ ಇತ್ತು. ಗೋಧಿಯ ಚಮಚ ಕೈಗೆ ಬಂತು.

ಮೇಜಿಗೆ ಕೂತ ಮೇಲೆ ದೆಸಾಂಕ ಶುರುಮಾಡಿದಳು. “ರಾದೊಯೆ, ಆ ರೊಟ್ಟಿ ಇಲ್ಲದ ಊರಿನ ಕಥೆ ಹೇಳೋ, ಇವರು ಕೇಳಿಲ್ಲ.” ರಾದೊಯೆ ಹೇಳಿದ, ಚಿಕ್ಕದಾಗಿ. “ಯಾರಂತೆ ಆ ಕತ್ತೆ? ಸಿಕ್ಕಿದನಾ?” ಎಂದಳು ಅತ್ತೆ.

“ಇಲ್ಲ ಅತ್ತೆ. ಗೊತ್ತಾಗ್ಲಿಲ್ಲ,” ಎಂದ ರಾದೊಯೆ, ಮಿಲುತಿನನ ಗ್ಲಾಸಿಗೆ ವೈನ್ ಸುರಿಯುತ್ತ.

ಪ್ರತಿ ವರ್ಷವೂ ಅತ್ತೆ ಕೇಳುತ್ತಿದ್ದಳು, ಪ್ರತಿ ವರ್ಷವೂ ರಾದೊಯೆ ಗೊತ್ತಾಗಲಿಲ್ಲ ಎನ್ನುತ್ತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಅವನು, ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಸಂತನ ಚಿತ್ರದ ಮುಂದೆ ಮೇಣದಬತ್ತಿ ಉರಿಯುತ್ತಿರುವಾಗ, ತನ್ನ ಮನೆಯ ಹಬ್ಬದಲ್ಲಿ. ಮಿಲುತಿನ್ ಉಳಿದವರ ಜೊತೆ ನಗುವ ಹಾಗೆ ಮುಖ ಮಾಡುತ್ತಿದ್ದ. ಮನೆಗೆ ಬಂದ ಮೇಲೆ ಬಹಳ ಹೊತ್ತು ಶೂ ಬಿಚ್ಚದೆ ಕೂತಿರುತ್ತಿದ್ದ ಎಂದು ಯಾಗೊದ ಹೇಳುತ್ತಾಳೆ. ಕುಮರಿಬ್ಬರೂ ಒಬ್ಬರ ಹತ್ತಿರ ಒಬ್ಬರು ಆ ವಿಷಯ ಎತ್ತಲಿಲ್ಲ.

ಕಳೆದ ಡಿಸೆಂಬರಿನ ಹೊತ್ತಿಗೆ ಕಾಯಿಲೆ ಅವನನ್ನು ಅರ್ಧ ಮಾಡಿತ್ತು. ಮೆಟ್ಟಿಲು ಹತ್ತಲು ಯಾಗೊದಳ ಹೆಗಲು ಬೇಕಾಯಿತು. ಅತ್ತೆ ಕೇಳಿದಳು, ರಾದೊಯೆ ಎಂದಿನ ಹಾಗೆ ಬಾಯಿ ತೆರೆದ. ಅವನಿಗಿಂತ ಮುಂಚೆ ಮಿಲುತಿನ್ ಮಾತಾಡಿದ.

“ಆ ಕತ್ತೆ ನಾನೇ ಅತ್ತೆ. ಅವನ ಹೆಸರು ತೆಗೆದು ನನ್ನದು ಹಾಕ್ಕೊಂಡಿದ್ದೆ. ಇವನಿಗೆ ಮೊದಲ ದಿನವೇ ಗೊತ್ತು.”

ದೆಸಾಂಕ ಫೋರ್ಕು ಕೆಳಗಿಟ್ಟಳು. “ಅಯ್ಯೋ ಬಿಡಪ್ಪ,” ಎಂದಳು, ಸಮಾಧಾನ ಮಾಡುವವಳಂತೆ. “ಕುಮನದ್ದನ್ನ ಕುಮ ತಗೊಂಡ. ಕೇಳಿದ್ರೆ ಇವನು ಕೊಡ್ತಿರಲಿಲ್ವಾ?”

“ಕೇಳೋದೂ ಬೇಡವಾಗಿತ್ತು,” ಎಂದ ರಾದೊಯೆ. ಅವನ ದನಿ ಒಡೆದಿತ್ತು. “ತಗೋ ಅಂತಾನೇ ಇಟ್ಟಿದ್ದೆ. ಇಡೀ ಲೋಕಕ್ಕೆ ಇಟ್ಟಿದ್ದೆ. ಎಲ್ಲೆಲ್ಲಿಯವರೋ ನನ್ನ ಮುಖ ನೋಡದೋರು ಹೆಸರು ಉಳಿಸಿ ಬಳಸ್ತಾರೆ. ನನ್ನ ಮಗಳಿಗೆ ಹೆಸರಿಟ್ಟವನು ನೀನು. ನೀನು ತೆಗೆದೆ.”

ಇಷ್ಟು ವರ್ಷಗಳಲ್ಲಿ ಅವನು ಬೈದದ್ದು ಅಷ್ಟೇ. ಹೇಳಿ ಮುಗಿಸಿ, ಹೂಜಿಯನ್ನು ಮೇಜಿನ ಮೇಲಿಟ್ಟು, ಯಜಮಾನ ಕೂರಬಾರದ ದಿನ ಮಿಲುತಿನನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟ. ಅವನಿಗೆ ಯಾರೂ ಏಳು ಎನ್ನಲಿಲ್ಲ. ಮಿಲುತಿನ್ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ದೆಸಾಂಕ ತಾನೇ ಎದ್ದು ಬಡಿಸತೊಡಗಿದಳು.

ಮನೆಗೆ ಮರಳುವಾಗ ಟ್ಯಾಕ್ಸಿಯಲ್ಲಿ ಯಾಗೊದ ಅವನ ಕೈ ಹಿಡಿದುಕೊಂಡು ಕೇಳಿದಳು, “ಹಗುರಾಯ್ತಾ?”

“ಇಲ್ಲ,” ಎಂದ ಮಿಲುತಿನ್. “ಆದ್ರೆ ಇನ್ನು ಅವನು ನನಗೋಸ್ಕರ ಸುಳ್ಳು ಹೇಳೋದು ಬೇಡ.”