ಕಾರ್ಗೋ ಕೌಂಟರಿನಲ್ಲಿ ರಾಣಿ

ಗೆಳೆಯರೇ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ಕಲ್ಯಾಣ ನಗರದ ನಮ್ಮ ನಾಯಿಗಳ ಶೆಲ್ಟರ್ ಜಾಗ ನಾಳೆಯೇ ಖಾಲಿಯಾಗಬೇಕು. ಉಳಿದವಳು ಕುಂಟಿ ರಾಣಿ ಒಬ್ಬಳೇ. ಇಲ್ಲಿ ಯಾರಿಗೂ ಬೇಡವಾದಳು. ಬೀದಿಗೆ ಬಿಟ್ಟರೆ ನಾಯಿ ಹಿಡಿಯುವ ವ್ಯಾನಿನ ಪಾಲು. ಕೊನೆಗೆ ದೆಹಲಿಯ ಪಂಜಾಬಿ ಯಜಮಾನರೊಬ್ಬರು ಸಾಕುತ್ತೇನೆಂದರು. ಇವತ್ತು ಮಧ್ಯಾಹ್ನ ಅವಳನ್ನು ವಿಮಾನಕ್ಕೆ ಹತ್ತಿಸಲು ಹೋದೆ.

ಕಾರ್ಗೋ ಕೌಂಟರಿನವನು ಪಂಜರದೊಳಗೆ ಬಗ್ಗಿ ನೋಡಿದ. "ಏನ್ರೀ ಮೇಡಂ, ಇದು ಅಲ್ಲಾಡ್ತಾನೇ ಇಲ್ಲ? ಸತ್ತೋಗಿದ್ರೆ ತಗೊಳಲ್ಲ ನಾವು."

"ಹೆದರ್ಕೊಂಡಿದೆ ಸಾರ್, ಅಷ್ಟೇ."

"ಹಂಗಾದ್ರೆ ಎಬ್ಸಿ ತೋರ್ಸಿ. ಇನ್ ಹತ್ ನಿಮಿಷಕ್ಕೆ ಕ್ಲೋಸ್."

"ಬಾ ರಾಣಿ" ಎಂದೆ. ಬಿಸ್ಕತ್ತು ತೋರಿಸಿದೆ. ಸರಳುಗಳ ನಡುವೆ ಬೆರಳು ತೂರಿಸಿ ಮುಟ್ಟಿದೆ. ಕಲ್ಲಿನಂತೆ ಬಿದ್ದಿದ್ದಳು. ದಾರಿಯಲ್ಲೇ ಜೀವ ಹೋಯಿತೇನೋ ಎಂದುಕೊಂಡೆ.

ಶೆಲ್ಟರಿನಲ್ಲಿ ಅವಳಿಗೆ ದಿನಾ ಅನ್ನ ಕಲಸಿ ಹಾಕುತ್ತಿದ್ದವರು ಹಲಸೂರಿನ ಸೆಲ್ವಿ ಅಕ್ಕ. ಅವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಪಂಜರಕ್ಕೆ ಹಿಡಿದೆ.

"ವಾ ಕಣ್ಣು, ವಾ" ಎಂದರು ಅಕ್ಕ ತಮಿಳಿನಲ್ಲಿ, ಬಾ ಬಂಗಾರ ಎನ್ನುವ ಹಾಗೆ.

ಬಾಲ ಪಂಜರಕ್ಕೆ ಟಪ್ಪೆಂದು ಬಡಿಯಿತು. ಕೌಂಟರಿನವನು ಸೀಲು ಒತ್ತಿದ.

ವಿಮಾನ ಇನ್ನೂ ಇಳಿದಿಲ್ಲ. ಅಲ್ಲಿ ಯಾರ ದನಿಗೆ ಏಳುತ್ತಾಳೋ ಎಂಬ ಭಯಕ್ಕೆ ಯಜಮಾನರಿಗೆ ಫೋನಿನಲ್ಲೇ ಪಾಠ ಮಾಡಿದ್ದೇನೆ. ಪಾಪ, ದೆಹಲಿ ನಿಲ್ದಾಣದಲ್ಲಿ ನಿಂತು "ವಾ ಕಣ್ಣು" ಬಾಯಿಪಾಠ ಮಾಡುತ್ತಿದ್ದಾರೆ. ಐದು ವರ್ಷ ಅಕ್ಕನ ಪಕ್ಕದಲ್ಲೇ ಇದ್ದೂ ನಾನು ಕಲಿಯದ ಎರಡು ಮಾತನ್ನು ಅವರು ಒಂದು ಗಂಟೆಯಲ್ಲಿ ಕಲಿಯಬೇಕು.