ಉಮಕ್ಕ ಬರೆಯದೆ ಉಳಿಸಿದ್ದ ಫೈಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಆಫೀಸಿನಲ್ಲೂ ಹೇಳುತ್ತಾರೆ. ಹೇಳಿಕೊಳ್ಳಲಿ. ಉಮಕ್ಕನ ವಿಷಯದಲ್ಲಿ ಮಾತ್ರ ಆ ಕೋಪ ಬಂದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ.

ಉಮಕ್ಕ ಎಂದರೆ ಉಮಾಮಹೇಶ್ವರಿ. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಚೇಳೂರು, ಈಗಿರುವುದು ತುಮಕೂರು, ವಯಸ್ಸು ಐವತ್ತಮೂರು. ನಮ್ಮ ವಿಶ್ವವಿದ್ಯಾಲಯದ ದಾನಿಗಳ ವಿಭಾಗದಲ್ಲಿ ನಮ್ಮದು ಅಕ್ಕಪಕ್ಕದ ಟೇಬಲ್ಲು. ನಾನು ಕೋಮಲಾ, ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಟೈಪ್ ಮಾಡುವವಳು. ಅವರು ಹುಡುಕುವವರು. ಏನನ್ನು ಎಂದರೆ, ಜನರನ್ನು. ನಮ್ಮಲ್ಲಿ ಓದಿ ಹೋದವರಲ್ಲಿ ಈಗ ಅನುಕೂಲವಾಗಿರುವವರು ಯಾರು, ಒಂದು ಲ್ಯಾಬನ್ನೋ ಹಾಸ್ಟೆಲ್ಲನ್ನೋ ಕಟ್ಟಿಸಿಕೊಡುವ ಶಕ್ತಿ ಯಾರಿಗಿದೆ, ಶಕ್ತಿ ಇದ್ದವರಲ್ಲಿ ಮನಸ್ಸು ಯಾರಿಗಿದೆ. ಅಂಥವರ ಊರು, ತಂದೆ ತಾಯಿ, ಮರೆಯದ ಮೇಷ್ಟ್ರು, ನಡೆದುಕೊಳ್ಳುವ ದೇವರು, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಡಬೇಕು. ಡೈರೆಕ್ಟರು ಅದನ್ನು ಓದಿಕೊಂಡು ಹೋಗಿ ದಾನ ಕೇಳುತ್ತಾರೆ.

ಉಮಕ್ಕನ ಕೈ ಅದರಲ್ಲಿ ಪಳಗಿತ್ತು. ಯಡಿಯೂರು ಕಡೆಯ ಒಬ್ಬ ಕಂಟ್ರಾಕ್ಟರು ಮೂವರು ಡೈರೆಕ್ಟರುಗಳನ್ನು ಬರಿಗೈಯಲ್ಲಿ ಕಳಿಸಿದ್ದರು. ಉಮಕ್ಕ ಅವರ ಊರಿಗೇ ಹೋಗಿ, ಅವರ ಜೊತೆ ಓದಿದ ಮುದುಕರೊಬ್ಬರ ಜಗಲಿಯ ಮೇಲೆ ಅರ್ಧ ದಿನ ಕೂತು, ಕಂಟ್ರಾಕ್ಟರು ಹಾಸ್ಟೆಲ್ಲಿನಲ್ಲಿದ್ದಾಗ ಸ್ನಾನಕ್ಕೆ ನೀರಿಲ್ಲದೆ ಪಟ್ಟ ಪಾಡನ್ನೆಲ್ಲ ಕೇಳಿಕೊಂಡು ಬಂದರು. ಫೈಲಿನಲ್ಲಿ ಒಂದೇ ಸಾಲು ಬರೆದರು: 'ಇವರನ್ನು ಏನೂ ಕೇಳಬೇಡಿ, ಹಾಸ್ಟೆಲ್ಲಿನ ನಲ್ಲಿ ತೋರಿಸಿ.' ಒಣಗಿದ ನಲ್ಲಿ ನೋಡಿದ ಆ ಮನುಷ್ಯ ಅಲ್ಲೇ ನಿಂತು ಬೋರ್‌ವೆಲ್ಲಿನವರಿಗೆ ಫೋನ್ ಮಾಡಿದರು.

ಇಷ್ಟು ಜನರನ್ನು ಹುಡುಕಿಕೊಟ್ಟ ಉಮಕ್ಕ ಒಬ್ಬರನ್ನು ಮಾತ್ರ ಹುಡುಕಿಯೂ ಮುಚ್ಚಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ. ಅವರ ಡ್ರಾಯರಿನಲ್ಲಿ ಉಪ್ಪಿನಕಾಯಿ ಹುಡುಕುತ್ತಿದ್ದವಳಿಗೆ ಪೇಪರಿನಿಂದ ಕತ್ತರಿಸಿದ ಸುದ್ದಿಗಳ ಒಂದು ಕಂತೆ ಸಿಕ್ಕಿತು. ಎಲ್ಲದರಲ್ಲೂ ಒಬ್ಬಳೇ ಹೆಂಗಸು. ಕುಣಿಗಲ್ಲಿನ ತೆಂಗಿನ ನಾರಿನ ಕಾರ್ಖಾನೆಯ ಒಡತಿ, ಇರಮ್.

"ಯಾರಕ್ಕ ಇವ್ರು? ಲಿಸ್ಟಲ್ಲೇ ಇಲ್ವಲ್ಲ."

"ಇರೋದೂ ಬೇಡ ಕಣೇ," ಎಂದು ಕಸಿದುಕೊಂಡರು. ಆಮೇಲೆ ತಡೆಯಲಾರದೆ ಅವರೇ ಹೇಳಿದರು.

ಈ ವಿಶ್ವವಿದ್ಯಾಲಯ ಬರೀ ಕಾಲೇಜಾಗಿದ್ದ ಕಾಲದಲ್ಲಿ ಇಬ್ಬರೂ ಮೂರು ವರ್ಷ ಹಾಸ್ಟೆಲ್ಲಿನ ಒಂದೇ ರೂಮಿನಲ್ಲಿದ್ದವರಂತೆ. ಶನಿವಾರ ಬಂದರೆ ಕುಣಿಗಲ್ ಬಸ್ಸು ಹತ್ತಿ ಇರಮ್ ಮನೆಗೆ ಹೋಗುವುದು. ಅವಳ ತಾಯಿ ಜಮಾಲುನ್ನೀಸಾ ಈ ಹುಡುಗಿ ಮಾಂಸ ತಿನ್ನುವುದಿಲ್ಲವೆಂದು ಬೇರೆ ಪಾತ್ರೆಯನ್ನೇ ತಂದಿಟ್ಟಿದ್ದರಂತೆ. ಉಮಕ್ಕನಿಗೆ ಎಣ್ಣೆ ಹಚ್ಚಿ ತಲೆ ಬಾಚುವವರೂ ಅವರೇ. ಉಮಕ್ಕ ತಾಯಿಯಿಲ್ಲದೆ ಬೆಳೆದವರು. ಜಮಾಲುನ್ನೀಸಾರನ್ನು ಅಮ್ಮಿ ಎಂದೇ ಕರೆಯುತ್ತಿದ್ದರಂತೆ. ಡಿಗ್ರಿ ಮುಗಿಯಿತು, ಇಬ್ಬರಿಗೂ ಮದುವೆಯಾಯಿತು, ಮನೆಗಳು ಬದಲಾದವು, ಕಾಗದ ನಿಂತುಹೋಯಿತು.

"ಈ ಕೆಲಸಕ್ಕೆ ಸೇರಿದ ಮೊದಲ್ನೇ ವಾರಾನೇ ಪೇಪರಲ್ಲಿ ಅವಳ ಫೋಟೋ ಸಿಕ್ತು ಕೋಮಲಾ. ನಂಬರ್ ಹುಡುಕ್ಕೊಂಡೆ. ಫೋನ್ ಕೈಗೆತ್ಕೊಂಡೆ. ಅಷ್ಟೊತ್ತಿಗೆ ಕೃಷ್ಣಕುಮಾರ್ ಸರ್ ಬಂದ್ರು."

ಕೃಷ್ಣಕುಮಾರ್ ಆಗಿನ ಡೈರೆಕ್ಟರು. ನಮ್ಮ ವಿಭಾಗದ ಕಟ್ಟಳೆಯನ್ನು ಹೊಸಬರಿಗೆಲ್ಲ ಹೇಳುತ್ತಿದ್ದರಂತೆ: ಈ ಕುರ್ಚಿಯಲ್ಲಿ ಕೂತವರು ದಾನ ಕೊಡಬಲ್ಲವರಿಗೆ ಫೋನ್ ಮಾಡಿದರೆ ಅದು ವಿಶ್ವವಿದ್ಯಾಲಯದ ಫೋನು, ಸ್ವಂತದ್ದಲ್ಲ. ಏನು ಮಾತಾಯಿತೆಂದು ಬರೆದಿಡಬೇಕು. ಮದುವೆ, ಗೃಹಪ್ರವೇಶ, ಸಾವು, ದಾನಿಗಳ ಮನೆಯಲ್ಲಿ ಏನೇ ನಡೆದರೂ ನಮ್ಮವರೊಬ್ಬರು ಹೂವೋ ಹಾರವೋ ಹಿಡಿದು ಹೋಗಿಬರುತ್ತಾರೆ, ಬಂದು ಅದನ್ನೂ ಬರೆದಿಡುತ್ತಾರೆ. ನಾನೇ ಎಷ್ಟೋ ಸಾವುಗಳನ್ನು ಟೈಪ್ ಮಾಡಿದ್ದೇನೆ.

ಉಮಕ್ಕ ಫೋನ್ ಇಟ್ಟುಬಿಟ್ಟರು. ಇರಮ್ ಹೆಸರನ್ನು ಲಿಸ್ಟಿಗೆ ಸೇರಿಸಲಿಲ್ಲ, ಅವಳನ್ನು ಮಾತಾಡಿಸಲೂ ಇಲ್ಲ. ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿಟ್ಟುಕೊಂಡರು. ಅವಳ ಕಾರ್ಖಾನೆ ಎಷ್ಟು ಶೆಡ್ಡಿಗೆ ಬೆಳೆಯಿತು, ಯಾವ ಶಾಲೆಗೆ ಅತಿಥಿಯಾಗಿ ಹೋದಳು, ಕನ್ನಡಕ ಯಾವಾಗ ಬಂತು, ಎಲ್ಲವೂ ಉಮಕ್ಕನ ಬಾಯಲ್ಲಿತ್ತು. ಜಮಾಲುನ್ನೀಸಾ ತೀರಿಕೊಂಡ ಸುದ್ದಿಯನ್ನೂ ಪೇಪರಿನಲ್ಲೇ ಓದಿದ್ದರು. ಆ ದಿನ ರಜೆ ಹಾಕಿ ಬಸ್ಸು ಹತ್ತಿದವರು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಗಂಟೆ ಕಲ್ಲುಬೆಂಚಿನ ಮೇಲೆ ಕೂತು ವಾಪಸ್ ಬಂದರಂತೆ.

"ಮನೆಗ್ಯಾಕೆ ಹೋಗ್ಲಿಲ್ಲ?" ನಾನು ರೇಗಿದೆ.

"ಯೂನಿವರ್ಸಿಟಿಯೋಳು ಹಾರ ತಗೊಂಡು ಬಂದ್ಲು ಅನ್ಕೊಂಡ್ರೆ? ಅಮ್ಮಿ ಸಾವಿಗೆ ಹಂಗೆ ಹೋಗೋಕಾಗುತ್ತಾ ನಂಗೆ? ರಿಟೈರಾದ್ಮೇಲೆ ಹೋಗ್ತೀನಿ. ಆವಾಗ ಯಾರೂ ಏನೂ ಅನ್ನಂಗಿಲ್ಲ."

ರಿಟೈರಾಗಲು ಆಗಿನ್ನೂ ಹತ್ತು ವರ್ಷವಿತ್ತು. ನಿಮಗೇನು ತಲೆ ಕೆಟ್ಟಿದೆಯಾ ಎಂದು ಬೈದೆ. ಅವರು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿಂದರು.

ಹೋದ ವರ್ಷ ಹೊಸ ಡೈರೆಕ್ಟರಾಗಿ ಬಸವಪ್ರಭು ಬಂದರು. ಹಳೆಯ ಅಡ್ಮಿಷನ್ ರಿಜಿಸ್ಟರುಗಳನ್ನೆಲ್ಲ ತರಿಸಿ ತಾವೇ ತಿರುವಿಹಾಕಿದರು. ಒಂದು ಸೋಮವಾರ ಉಮಕ್ಕನ ಟೇಬಲ್ಲಿನ ಮೇಲೆ ಚೀಟಿ ಇಟ್ಟು, "ಮೇಡಂ, ಕುಣಿಗಲ್ಲಿನ ಇರಮ್ ಅಂತ, ನಮ್ಮ ಸ್ಟೂಡೆಂಟೇ. ಲೇಡೀಸ್ ಹಾಸ್ಟೆಲ್‌ಗೆ ಕೇಳೋಣ. ಗುರುವಾರಕ್ಕೆ ಫೈಲ್ ಬೇಕು," ಎಂದು ಹೋದರು.

ಉಮಕ್ಕ ಎರಡು ದಿನ ಕೂತು ಬರೆದರು. ಅಂಥ ಫೈಲನ್ನು ನಾನು ಎಂದೂ ಟೈಪ್ ಮಾಡಿಲ್ಲ. ಇರಮ್ ಯಾವುದಕ್ಕೆ ನಗುತ್ತಾಳೆ, ಯಾವ ಮಾತಿಗೆ ಎದ್ದು ಹೋಗುತ್ತಾಳೆ ಎಂಬುದೂ ಅದರಲ್ಲಿತ್ತು. ಕೊನೆಯಲ್ಲಿ ಎಲ್ಲ ಫೈಲಿಗೂ ಇರುವ ಒಂದು ಕಾಲಂ: 'ನಮ್ಮಲ್ಲಿ ಇವರನ್ನು ಬಲ್ಲವರು'. ಅದರ ಮುಂದೆ ಉಮಕ್ಕ 'ಯಾರೂ ಇಲ್ಲ' ಎಂದು ಬರೆದಿದ್ದರು.

ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅದನ್ನು ಬಿಟ್ಟು, 'ಉಮಾಮಹೇಶ್ವರಿ, ಮೂರು ವರ್ಷ ಒಂದೇ ರೂಮು' ಎಂದು ಟೈಪ್ ಮಾಡಿ ಡೈರೆಕ್ಟರಿಗೆ ಕಳಿಸಿಬಿಟ್ಟೆ. ಕೇಳದೆ ಮಾಡಿದ್ದು ತಪ್ಪೇ.

"ಏನ್ ಮೇಡಂ, ಇಷ್ಟು ವರ್ಷ ಬಾಯೇ ಬಿಟ್ಟಿಲ್ವಲ್ಲ," ಎಂದು ಬಸವಪ್ರಭು ಹಿಗ್ಗಿಹೋದರು. "ನೀವೇ ಬರಬೇಕು."

ಉಮಕ್ಕ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನೂ ಬಾ," ಎಂದರು ಅಷ್ಟೆ. ಕುಣಿಗಲ್ಲಿಗೆ ಹೊರಟ ಕಾರು ಹೆಬ್ಬೂರು ದಾಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದರು. ಆಮೇಲೆ ಡೈರೆಕ್ಟರಿಗೆ ಕೇಳಿಸದಂತೆ, "ನನ್ ತಲೆ ಬಾಳಾ ಬೆಳ್ಳಗಾಗಿದ್ಯೇನೇ? ಗುರುತು ಸಿಗುತ್ತಾ?" ಎಂದು ಕೇಳಿದರು.

ಗುರುತು ಸಿಕ್ಕಿತು. ಇರಮ್ ಆಫೀಸಿನ ಬಾಗಿಲಲ್ಲೇ ನಿಂತುಬಿಟ್ಟರು. ಡೈರೆಕ್ಟರು ಹಾಸ್ಟೆಲ್ಲಿನ ನಕ್ಷೆ ಬಿಚ್ಚಿದರು, ಮಾತಾಡಿದರು. ಇರಮ್ ನಕ್ಷೆಯ ಕಡೆ ನೋಡಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮನನ್ನು ಕರೆದು, "ಝುಬೇರ್, ಸಾಹೇಬ್ರಿಗೆ ಫ್ಯಾಕ್ಟರಿ ತೋರಿಸ್ಕೊಂಡು ಬಾ," ಎಂದರು. ನಾನೂ ಏಳಲು ಹೋದೆ. ಉಮಕ್ಕ ನನ್ನ ಕೈ ಹಿಡಿದುಕೊಂಡಿದ್ದರು, ಬಿಡಲಿಲ್ಲ.

"ನಾನಿಲ್ಲಿರೋದು ಯಾವಾಗಿಂದ ಗೊತ್ತು ನಿಂಗೆ?" ಇರಮ್ ಕೇಳಿದರು.

ಫೈಲಿನಲ್ಲಿ ಬರೆದರೂ ಮುಖ ನೋಡಿಕೊಂಡು ಸುಳ್ಳು ಹೇಳಲು ಉಮಕ್ಕನಿಗೆ ಬರುವುದಿಲ್ಲ. "ಹನ್ನೊಂದು ವರ್ಷದಿಂದ."

"ಅಮ್ಮಿ ಹೋಗಿದ್ದು?"

"ಗೊತ್ತಿತ್ತು. ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ."

ಇರಮ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದರು. "ನಿನ್ನನ್ನ ಹುಡುಕ್ಕೊಂಡು ಚೇಳೂರಿಗೆ ಹೋಗಿದ್ವಿ ಕಣೇ, ಅಮ್ಮೀನೂ ನಾನೂ. ನಿಮ್ಮನೇಲಿ ಬೇರೆ ಯಾರೋ ಇದ್ರು. ಮದ್ವೆಯಾಗಿ ಎಲ್ಲಿಗೆ ಹೋದ್ಲೋ ಗೊತ್ತಿಲ್ಲ ಅಂದ್ರು. ಹಾಸಿಗೆ ಹಿಡಿದ ಮೇಲೂ ಕೇಳೋಳು, ಉಮಾ ಸಿಕ್ಕಿದ್ಲಾ ಅಂತ. ಹುಡುಕ್ತಾ ಇದೀವಿ ಅಮ್ಮಿ ಅಂತಿದ್ದೆ. ನೀನು ತುಮಕೂರಲ್ಲಿದ್ದೆ."

"ಬರಬೇಕು ಅಂತ ದಿನಾ ಅನ್ಕೋತಿದ್ದೆ ಇರಮ್. ಈ ಕೆಲಸದಲ್ಲಿ ಇದ್ಕೊಂಡು ಹೆಂಗೆ ಬರ್ಲಿ? ದುಡ್ಡಿಗೆ ಬಂದ್ಲು ಅನ್ಕೋತೀಯ ಅಂತ..."

ಇರಮ್ ಎದ್ದು ಬಂದು ಉಮಕ್ಕನ ಎದುರಿಗೆ ಕೂತು, ನನ್ನ ಕೈಯಲ್ಲಿದ್ದ ಅವರ ಕೈಯನ್ನು ಬಿಡಿಸಿ ತಾವು ಹಿಡಿದುಕೊಂಡರು.

"ದುಡ್ಡಿಗೇ ಬರಬೇಕಿತ್ತು ಕಣೇ. ಅಮ್ಮಿ ನಿನ್ನ ಮುಖನಾದ್ರೂ ನೋಡಿರೋಳು."